‘ಸಹಿ ಹಾಕಬೇಡಿ’ ಅಂತ ಹೇಳೋ ಮೊದಲು



ಒಂದು ವಾರದಿಂದ ನಮ್ಮ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. "ಸರ್ಕಾರಿ ಆಸ್ಪತ್ರೆಗಳಲ್ಲಿ ನಮ್ಮ ಬಸುರಿ ಹೆಣ್ಣುಮಕ್ಕಳ ಮೇಲೆ ಔಷಧ ಪ್ರಯೋಗ ನಡೀತಿದೆ, ಯಾವ ಪೇಪರಿಗೂ ಸಹಿ ಹಾಕಬೇಡಿ, ಎಲ್ಲರಿಗೂ ಕಳಿಸಿ" ಅಂತ. ಯಾವ ಆಸ್ಪತ್ರೆ, ಯಾವ ಔಷಧ, ಯಾರು ನಡೆಸ್ತಿರೋದು, ಇದ್ಯಾವುದೂ ಅದರಲ್ಲಿಲ್ಲ. ನನಗೇ ಐದು ಜನ ಕಳಿಸಿದರು. ಅವರಲ್ಲಿ ಮೂವರು ಸಂಘಟನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ನಾನು ಅದನ್ನ ಫಾರ್ವರ್ಡ್ ಮಾಡಲಿಲ್ಲ. ಯಾಕೆ ಅಂತ ಹೇಳೋಕೆ ಈ ಪೋಸ್ಟ್. ಉದ್ದ ಇದೆ, ಸಮಾಧಾನದಿಂದ ಓದಿ. ಆಮೇಲೆ ಜಗಳ ಆಡೋಣ.

ಮೊದಲೇ ಹೇಳಿಬಿಡ್ತೀನಿ, ಆ ಮೆಸೇಜಿನ ಹಿಂದಿರೋ ಭಯ ಸುಳ್ಳಲ್ಲ.

ಹೆರಿಗೆ ವೈದ್ಯದ ಚರಿತ್ರೆಯೇ ಹಾಗಿದೆ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಜೇಮ್ಸ್ ಮೇರಿಯನ್ ಸಿಮ್ಸ್ ಅನ್ನೋ ಡಾಕ್ಟರ್ ಇದ್ದ. ಕಷ್ಟದ ಹೆರಿಗೆ ಆದವರಿಗೆ ಮೂತ್ರ ನಿಲ್ಲದೆ ಸೋರುತ್ತಲ್ಲ, ಆ ಫಿಸ್ಟುಲಾಗೆ ಶಸ್ತ್ರಚಿಕಿತ್ಸೆ ಕಂಡುಹಿಡಿದ ಅಂತ ಅವನಿಗೆ ದೊಡ್ಡ ಹೆಸರು. ಕಂಡುಹಿಡಿದದ್ದು ಕಪ್ಪು ಗುಲಾಮ ಹೆಂಗಸರ ಮೈ ಮೇಲೆ, ಅರಿವಳಿಕೆ ಕೊಡದೆ. ಅನಾರ್ಚಾ, ಬೆಟ್ಸಿ, ಲೂಸಿ, ಇಷ್ಟು ಹೆಸರು ಮಾತ್ರ ನಮಗೆ ಉಳಿದಿವೆ. ಅನಾರ್ಚಾ ಒಬ್ಬಳ ಮೇಲೇ ಸುಮಾರು 30 ಸಲ ಕತ್ತರಿ ಆಡಿಸಿದ. ಅವರ ಒಪ್ಪಿಗೆ ಕೇಳೋ ಪ್ರಶ್ನೆಯೇ ಇರಲಿಲ್ಲ, ಒಡೆಯ ಒಪ್ಪಿದರೆ ಸಾಕಿತ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ತೆಗೆಯೋಕೆ 2018ರ ತನಕ ಕಾಯಬೇಕಾಯ್ತು.

ಅಷ್ಟು ದೂರ ಯಾಕೆ, ಪಕ್ಕದ ಹೈದರಾಬಾದಿಗೇ ಬನ್ನಿ. 1985ರಲ್ಲಿ ಪಟಾಂಚೆರುವಿನಲ್ಲಿ ನೆಟ್-ಎನ್ ಅನ್ನೋ ಗರ್ಭನಿರೋಧಕ ಇಂಜೆಕ್ಷನ್ನಿನ ಪ್ರಯೋಗ ನಡೆದಿತ್ತು. ಮಕ್ಕಳಾಗದಂತೆ ತಡೆಯೋ ಇಂಜೆಕ್ಷನ್ ಅಂತ ಹೆಂಗಸರನ್ನ ಸೇರಿಸಿದ್ದರು. ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ ಅಂತ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನದ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ವಿಷಯ ತಿಳಿಸಿದ ಮೇಲೆ ಬಂದವರಲ್ಲಿ ಬಹಳ ಜನ ಎದ್ದು ಹೋದರು. 1986ರಲ್ಲಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು.

2009ರಲ್ಲಿ ಖಮ್ಮಂ ಜಿಲ್ಲೆ ಮತ್ತು ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಹಾಕಿದ್ದು ಬಹಳ ಜನರಿಗೆ ನೆನಪಿರಬಹುದು. ಏಳು ಹುಡುಗಿಯರು ಸತ್ತರು. ಸಾವಿಗೆ ಲಸಿಕೆಯೇ ಕಾರಣ ಅಂತ ತನಿಖೆ ಹೇಳಲಿಲ್ಲ. ಅದನ್ನ ಮುಚ್ಚಿಟ್ಟು ನಾವು ಮಾತಾಡಬಾರದು. ಆದರೆ ಒಪ್ಪಿಗೆ ಪತ್ರಗಳ ಕಥೆ ಏನಾಗಿತ್ತು? ಆದಿವಾಸಿ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್ನುಗಳು, ಹೆಡ್ ಮಾಸ್ತರುಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಈ ವಿಷಯದಲ್ಲಿ ಕಟುವಾದ ವರದಿ ಕೊಟ್ಟಿತು.

ಹೀಗಿರುವಾಗ ನಮ್ಮ ಜನ ಅನುಮಾನ ಪಡೋದರಲ್ಲಿ ತಪ್ಪೇನೂ ಇಲ್ಲ. ಒಪ್ಪಿದೆ. ಈಗ ಇನ್ನೊಂದು ಮಗ್ಗುಲು ನೋಡೋಣ.

ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಸಾಯೋ ಬಾಣಂತಿಯರ ಕಥೆ ನಮ್ಮ ಕೇರಿಗಳಲ್ಲಿ ಯಾರಿಗೆ ಗೊತ್ತಿಲ್ಲ? ರಕ್ತ ನಿಲ್ಲಿಸೋಕೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನ ತಂಪಿನಲ್ಲಿ ಇಡಬೇಕು, ಚುಚ್ಚೋಕೆ ಕಲಿತವರು ಬೇಕು. ಫ್ರಿಜ್ಜೂ ಕರೆಂಟೂ ಇಲ್ಲದ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆ ಆಗ್ತಿದ್ದ ಕಾಲದಲ್ಲಿ ಏನು ಮಾಡಬೇಕಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 2002ರಿಂದ 2005ರವರೆಗೆ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಅಲ್ಲೊಂದು ಅಧ್ಯಯನ ಮಾಡಿದರು. 1,620 ಹೆಂಗಸರು. ಹೆರಿಗೆ ಮಾಡಿಸಿದ್ದು ಎಎನ್‌ಎಂ ಸಿಸ್ಟರುಗಳು. ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಕಾಣೋ, ಔಷಧ ಇಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 12 ಮಂದಿಗೆ ವಿಪರೀತ ರಕ್ತಸ್ರಾವ ಆಯ್ತು. ಔಷಧ ತಗೊಂಡವರಲ್ಲಿ ಅದು 6.4ಕ್ಕೆ ಇಳಿಯಿತು. ಅಂದರೆ 18 ಜನಕ್ಕೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತೆ. 2006ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಯೋಕೆ ಈ ಮಾತ್ರೆಯನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಿಜ್ಜು ಬೇಡ, ಸೂಜಿ ಬೇಡ. ಆಫ್ರಿಕಾದ ಯಾವುದೋ ಹಳ್ಳಿಯಲ್ಲಿ ಇವತ್ತು ಒಬ್ಬ ಬಾಣಂತಿ ಇದರಿಂದ ಬದುಕಿದರೆ, ಅದರಲ್ಲಿ ಬೆಳಗಾವಿ ಜಿಲ್ಲೆಯ ಕೂಲಿ ಹೆಂಗಸರ ಪಾಲೂ ಇದೆ.

ಅದೇ ಅಧ್ಯಯನದಲ್ಲಿ ರಕ್ತ ಅಳೆಯೋಕೆ ಒಂದು ಪ್ಲಾಸ್ಟಿಕ್ ಹಾಳೆ ಬಳಸಿದ್ದರು. ಹೆರಿಗೆ ಆದ ತಕ್ಷಣ ಕೆಳಗೆ ಹಾಸೋದು, ತುದಿಯಲ್ಲಿ ಅಳತೆಯ ಗೆರೆ ಹಾಕಿದ ಚೀಲ. ಕಣ್ಣಳತೆಯಲ್ಲಿ ಹೇಳಿದರೆ ರಕ್ತ ಸುಮಾರು ಮೂರನೇ ಒಂದು ಭಾಗ ಕಡಿಮೆ ಅಂದಾಜಾಗುತ್ತೆ ಅಂತ ಬೆಳಗಾವಿಯಲ್ಲೇ ಗೊತ್ತಾಯ್ತು. "ಏನಿಲ್ಲ, ಸ್ವಲ್ಪ ಹೋಗಿದೆ" ಅಂತ ಹೇಳ್ತಾ ಹೇಳ್ತಾ ಎಷ್ಟು ಜನರನ್ನ ಕಳ್ಕೊಂಡಿದ್ದೀವಿ, ಯೋಚನೆ ಮಾಡಿ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆ ಚೀಲ ಇಟ್ಕೊಂಡು, ರಕ್ತ ಹೆಚ್ಚು ಅಂತ ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನ ಒಟ್ಟಿಗೆ ಕೊಟ್ಟು ನೋಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗೋ ಅನಾಹುತ ನೂರಕ್ಕೆ 60ರಷ್ಟು ಕಡಿಮೆ ಆಯ್ತು.

ಇನ್ನೊಂದು ಉದಾಹರಣೆ ಹೇಳ್ತೀನಿ, ಇದು ನನ್ನ ಮನಸ್ಸಿಗೆ ಬಹಳ ನಾಟಿದ್ದು. ದಿನ ತುಂಬದೆ ಹುಟ್ಟೋ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋದು 1972ರಲ್ಲಿ ನ್ಯೂಜಿಲೆಂಡಿನಲ್ಲಿ ಸಾಬೀತಾದ ಚಿಕಿತ್ಸೆ. ಶ್ರೀಮಂತ ದೇಶಗಳಲ್ಲಿ ಎಷ್ಟೋ ಮಕ್ಕಳು ಅದರಿಂದ ಬದುಕಿದವು. ಸರಿ, ಬಡ ದೇಶಗಳ ಹಳ್ಳಿಗಳಿಗೂ ತಗೊಂಡು ಹೋಗೋಣ ಅಂತ ಆರು ದೇಶಗಳಲ್ಲಿ ದೊಡ್ಡ ಅಧ್ಯಯನ ಮಾಡಿದರು. ಬೆಳಗಾವಿ, ನಾಗಪುರ ಕೂಡ ಅದರಲ್ಲಿದ್ದವು. 2015ರಲ್ಲಿ ಫಲಿತಾಂಶ ಬಂತು. ತೀರಾ ಕಡಿಮೆ ತೂಕದ ಮಕ್ಕಳ ಸಾವು ಕಡಿಮೆ ಆಗಲಿಲ್ಲ. ಒಟ್ಟು ಲೆಕ್ಕದಲ್ಲಿ ಎಳೆ ಮಕ್ಕಳ ಸಾವು ಸಾವಿರಕ್ಕೆ 3.5ರಷ್ಟು ಹೆಚ್ಚೇ ಆಯ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ, ಬಸುರಿನ ದಿನ ಸರಿಯಾಗಿ ಲೆಕ್ಕ ಹಾಕಿ, ಎಳೆಗೂಸಿನ ಆರೈಕೆ ಇರೋ ಆಸ್ಪತ್ರೆಗಳಲ್ಲಿ ಮಾತ್ರ ಇನ್ನೊಂದು ಅಧ್ಯಯನ ಮಾಡಿತು. 2020ರಲ್ಲಿ ಬಂದ ಆ ಫಲಿತಾಂಶದಲ್ಲಿ ಮಕ್ಕಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು.

ಅಂದರೆ ಏನಾಯ್ತು? ಆಕ್ಲೆಂಡಿನಲ್ಲಿ ಜೀವ ಉಳಿಸಿದ ಇಂಜೆಕ್ಷನ್ ಆಸ್ಪತ್ರೆ ಸರಿಯಿಲ್ಲದ ಊರಲ್ಲಿ ಜೀವ ತೆಗೆಯಬಹುದು. ನಮ್ಮಂಥವರ ಮೇಲೆ ಪರೀಕ್ಷೆ ಆಗದೇ ಇದ್ದಿದ್ದರೆ ಅದನ್ನ ಹಾಗೇ ತಂದು ಎಲ್ಲರಿಗೂ ಚುಚ್ಚಿಬಿಡ್ತಿದ್ದರು. ಯಾರಿಗೂ ಗೊತ್ತೂ ಆಗ್ತಿರಲಿಲ್ಲ.

ಬಸುರಿಯರನ್ನ ಸಂಶೋಧನೆಯಿಂದ ದೂರ ಇಟ್ಟರೆ ಏನಾಗುತ್ತೆ ಅಂತಾನೂ ನಾವು ಕಣ್ಣಾರೆ ನೋಡಿದ್ದೀವಿ. ಕೋವಿಡ್ ಲಸಿಕೆಗಳ ಮೊದಲ ಪರೀಕ್ಷೆಗಳಲ್ಲಿ ಬಸುರಿಯರನ್ನ ಸೇರಿಸಿರಲಿಲ್ಲ. ನಮ್ಮ ದೇಶದಲ್ಲಿ ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ. ಬಸುರಿಯರಿಗೆ ಕೊಡಬಹುದು ಅಂತ ಹೇಳಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಆ ಏಪ್ರಿಲ್-ಮೇ ತಿಂಗಳಲ್ಲಿ ಹೊಟ್ಟೇಲಿ ಕೂಸು ಇಟ್ಕೊಂಡು ಆಕ್ಸಿಜನ್ ಬೆಡ್ ಹುಡುಕಿದವರನ್ನ ನಾವು ಮರೆತಿಲ್ಲ.

ಇನ್ನೂ ಒಂದು ಮಾತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಡ್ರಿಪ್ ಹಾಕಿದ ಬಾಟ್ಲಿಯ ಗುಣಮಟ್ಟದ ಮೇಲೆ ಅನುಮಾನ ಬಂತು, ರಾಜ್ಯ ಪೂರ್ತಿ ಗದ್ದಲ ಆಯ್ತು. ಅದು ಯಾವ ಪ್ರಯೋಗವೂ ಆಗಿರಲಿಲ್ಲ. ದಿನನಿತ್ಯದ ಚಿಕಿತ್ಸೆ. ನಿಯಮದ ಪ್ರಕಾರ ನಡೆಯೋ ಪ್ರಯೋಗದಲ್ಲಿ ಒಂದು ಸಾವಾದರೆ 24 ಗಂಟೆಯೊಳಗೆ ವರದಿ ಹೋಗಬೇಕು, ನೈತಿಕ ಸಮಿತಿ ನೋಡಬೇಕು, ಪ್ರಯೋಗವೇ ಕಾರಣ ಅಂತಾದರೆ ಪರಿಹಾರ ಕೊಡಬೇಕು. ದಿನನಿತ್ಯದ ಚಿಕಿತ್ಸೆಯಲ್ಲಿ ಸತ್ತರೆ? ನಾವು ಬೀದಿಗೆ ಇಳಿದರೆ ಮಾತ್ರ ಲೆಕ್ಕ. ಹಾಗಾಗಿ ‘ಪ್ರಯೋಗ ಇರೋ ಕಡೆ ಅಪಾಯ, ಇಲ್ಲದ ಕಡೆ ಕ್ಷೇಮ’ ಅನ್ನೋ ಲೆಕ್ಕ ನಮ್ಮ ಪಾಲಿಗೆ ನಿಜ ಅಲ್ಲ.

ಹಾಗಾದರೆ ಎಲ್ಲ ಸರಿ ಇದೆಯಾ? ಇಲ್ಲ. ನನ್ನ ತಕರಾರು ಈಗ ಶುರು.

ಬೆಳಗಾವಿಯ ಆ 808 ಹೆಂಗಸರಿಗೆ ಹುಸಿ ಮಾತ್ರೆ ಕೊಟ್ಟಿದ್ದು ಯಾಕೆ ನ್ಯಾಯ ಅನ್ನಿಸಿಕೊಂಡಿತು? ಅಲ್ಲಿ ಮೊದಲೇ ಯಾವ ಔಷಧವೂ ಸಿಗ್ತಿರಲಿಲ್ಲ, ಹಾಗಾಗಿ ಅವರಿಂದ ಏನನ್ನೂ ಕಿತ್ಕೊಂಡ ಹಾಗಾಗಲಿಲ್ಲ ಅಂತ ವಾದ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆರುವವರಿಗೆ ಆಕ್ಸಿಟೋಸಿನ್ ಆಗಲೇ ಇತ್ತು. ಅಲ್ಲಿ ಇಂಥ ಅಧ್ಯಯನ ಮಾಡೋಕೆ ಯಾರೂ ಒಪ್ತಿರಲಿಲ್ಲ. ಅಂದರೆ ಸರ್ಕಾರ ನಮಗೆ ಕೊಡದೇ ಇದ್ದದ್ದೇ ನಮ್ಮನ್ನ ಅಧ್ಯಯನಕ್ಕೆ ಯೋಗ್ಯರನ್ನಾಗಿ ಮಾಡಿತು. ಸಂಶೋಧಕರನ್ನ ನಾನು ಕಳ್ಳರು ಅಂತಿಲ್ಲ. ಅವರ ಕೆಲಸದಿಂದ ಜೀವ ಉಳಿದಿದೆ ಅಂತ ನಾನೇ ಮೇಲೆ ಬರೆದೆ. ಆದರೆ ಆ ‘ಇಲ್ಲದಿರುವಿಕೆ’ ಆಕಾಶದಿಂದ ಬಿದ್ದದ್ದಲ್ಲ. ಅದಕ್ಕೆ ಜಾತಿ ಇದೆ, ಓಣಿ ಇದೆ.

ಈಗ ಜಾತಿಯ ವಿಷಯಕ್ಕೇ ಬರ್ತೀನಿ. ಗುಮಾಸ್ತೆ ಕೆಲಸದಲ್ಲಿ ಅರ್ಜಿಗಳ ನಡುವೆಯೇ ತಲೆ ನೆರೆದವಳು ನಾನು. ಸೈಕಲ್‌ಗೂ ಜಾತಿ ಕಾಲಂ, ಸಾಲಕ್ಕೂ ಜಾತಿ ಕಾಲಂ, ಮನೆ ಅರ್ಜಿಗೂ ಜಾತಿ ಕಾಲಂ. ಆದರೆ ಬಸುರಿಯರ ಮೇಲಿನ ದೊಡ್ಡ ದೊಡ್ಡ ಅಧ್ಯಯನಗಳ ಕೋಷ್ಟಕಗಳನ್ನ ನೋಡಿ. ವಯಸ್ಸು ಇರುತ್ತೆ, ಓದು ಇರುತ್ತೆ, ಎಷ್ಟನೇ ಹೆರಿಗೆ ಅಂತ ಇರುತ್ತೆ, ರಕ್ತದ ಪ್ರಮಾಣ ಇರುತ್ತೆ. ಜಾತಿ ಸಾಮಾನ್ಯವಾಗಿ ಇರೋದಿಲ್ಲ. ಬರೀ ಸಂಶೋಧಕರದ್ದಷ್ಟೇ ಅಲ್ಲ ಈ ಕಥೆ. 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19 ತಾಯಂದಿರು ಸತ್ತರು ಅಂತ ಸರ್ಕಾರ ಹೇಳುತ್ತೆ. ಆ 69ರಲ್ಲಿ ನಮ್ಮವರೆಷ್ಟು? ಆ ಲೆಕ್ಕದಲ್ಲಿ ಜಾತಿವಾರು ಸಾಲೇ ಇಲ್ಲ.

"ಔಷಧಕ್ಕೆ ಜಾತಿ ಇದೆಯೇನ್ರಿ?" ಅಂತ ಯಾರಾದರೂ ಕಾಮೆಂಟಲ್ಲಿ ಕೇಳೇ ಕೇಳ್ತಾರೆ. ಔಷಧಕ್ಕಿಲ್ಲ ಸ್ವಾಮಿ. ಔಷಧ ಯಾರಿಗೆ ಯಾವಾಗ ಸಿಗುತ್ತೆ ಅನ್ನೋದಕ್ಕಿದೆ. ರಕ್ತಹೀನತೆಗೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52.2 ಮಂದಿಗೆ ರಕ್ತಹೀನತೆ. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಅರ್ಧ ಲೀಟರ್ ಹೋದರೂ ಜೀವಕ್ಕೆ ಕುತ್ತು, ಉಂಡು ತಿಂದು ಗಟ್ಟಿಯಾದವಳು ಅದನ್ನ ತಡ್ಕೋತಾಳೆ. ಇನ್ನು ಮುಟ್ಟೋಕೆ ಹೇಸಿ ದೂರದಿಂದಲೇ ನೋಡೋ ನರ್ಸಮ್ಮನ ಕಣ್ಣಳತೆ ಹೇಗಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ? ಹೊಕ್ಕಳುಬಳ್ಳಿ ಕತ್ತರಿಸೋದು ಮೈಲಿಗೆ ಕೆಲಸ ಅಂತ ತಲೆತಲಾಂತರ ನಮ್ಮ ಅವ್ವಂದಿರ ಕೈಗೆ ಕೊಟ್ಟ ಸಮಾಜ ಇದು.

ಎರಡನೇ ತಕರಾರು ಒಪ್ಪಿಗೆಯದು. ಹೋದ ವರ್ಷ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಐದು ತಿಂಗಳ ಬಸುರಿ, ಒಂದು ಆಸ್ಪತ್ರೆಯಲ್ಲಿ ಕೊಟ್ಟ ಪೇಪರ್ ಹಿಡ್ಕೊಂಡು ನಮ್ಮನೆಗೆ ಬಂದಳು. ಹನ್ನೊಂದು ಪುಟ, ಕನ್ನಡದಲ್ಲೇ ಇತ್ತು. "ಅಕ್ಕಾ, ನೀವು ಆಫೀಸಿನ್ಯಾಗ ಇರೋರು, ಇದ್ರಾಗ ಏನ್ ಬರದಾರ ನೋಡ್ರಿ" ಅಂದಳು. ‘ಯಾದೃಚ್ಛಿಕವಾಗಿ ವಿಂಗಡಿಸಲಾಗುವುದು’, ‘ಪ್ರತಿಕೂಲ ಘಟನೆಗಳು’. ಬಿ.ಎ. ಓದಿದ ನಾನೇ ಎರಡು ಸಲ ಓದಬೇಕಾಯ್ತು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು, ಯಾರಿಗೆ ಯಾವುದು ಅಂತ ಡಾಕ್ಟರೂ ಆರಿಸೋ ಹಾಗಿಲ್ಲ ಅಂತ ಹೇಳಿದೆ. ತಕ್ಷಣ ತಿಳೀತು ಅವಳಿಗೆ. ಜೊತೆಗೆ ಬಂದಿದ್ದ ಅತ್ತೆ ಕೇಳಿದ್ದು ಬೇರೆಯೇ ಪ್ರಶ್ನೆ: "ನಾವ್ ಒಲ್ಲೆ ಅಂದ್ರ, ನಾಳೆ ಹೆರಿಗಿಗೆ ಹ್ವಾದಾಗ ಚಂದಂಗ ನೋಡ್ತಾರೇನ್ರಿ ಅಕ್ಕಾರ?"

ಆ ಹನ್ನೊಂದು ಪುಟದಲ್ಲಿ, "ನೀವು ನಿರಾಕರಿಸಿದರೂ ನಿಮ್ಮ ಚಿಕಿತ್ಸೆಗೆ ಧಕ್ಕೆ ಇಲ್ಲ" ಅಂತ ಒಂದು ಸಾಲು ಇತ್ತು. ಕಾನೂನೂ ಹಾಗೇ ಹೇಳುತ್ತೆ. ಆದರೆ ಆ ಅತ್ತೆಗೆ ಅದನ್ನ ನಂಬೋಕೆ ಯಾವ ಕಾರಣವೂ ಇರಲಿಲ್ಲ. ಮುಂದಿನ ಬೆಂಚಿನವರಿಗೆ ಒಂದು ನ್ಯಾಯ, ಹಿಂದೆ ನಿಂತವರಿಗೆ ಒಂದು ನ್ಯಾಯ ಅಂತ ಜೀವನಪೂರ್ತಿ ನೋಡಿದ ಹೆಂಗಸು. ಒಪ್ಪಿಗೆ ಅಂದರೆ ಬೇಡ ಅನ್ನೋಕೂ ಧೈರ್ಯ ಇರಬೇಕು. ಆ ಧೈರ್ಯವನ್ನ ಹೆಬ್ಬೆಟ್ಟಿನ ಶಾಯಿ ಕೊಡೋದಿಲ್ಲ. ಆ ಹುಡುಗಿ ಎಲ್ಲ ಕೇಳ್ಕೊಂಡು, ಮರುದಿನ ಹೋಗಿ ತನ್ನ ನಾಲ್ಕು ಪ್ರಶ್ನೆ ಕೇಳಿ, ಸೇರ್ಕೊಂಡಳು. ಅದು ಅವಳ ತೀರ್ಮಾನ. ನಮ್ಮ ಮೆಸೇಜು ಅವಳಿಂದ ಕಿತ್ಕೊಳ್ತಾ ಇರೋದು ಇದನ್ನೇ. ಮೊದಲು ಒಡೆಯ ಅವಳ ಪರವಾಗಿ ಹೂಂ ಅಂದ, ಆಮೇಲೆ ವಾರ್ಡನ್ ಹೂಂ ಅಂದ, ಈಗ ಸಂಘಟನೆಯವರು ನಾವು ಅವಳ ಪರವಾಗಿ ಊಹೂಂ ಅಂತೀವಾ?

ಮೂರನೇದು ಕೂಲಿ. ಅಧ್ಯಯನಕ್ಕೆ ಸೇರಿದರೆ ಮತ್ತೆ ಮತ್ತೆ ತಪಾಸಣೆಗೆ ಹೋಗಬೇಕು. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯ್ತು. 1928ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ನಿಂತರು. ಹೆರುವ ಹೆಂಗಸಿನ ವಿಶ್ರಾಂತಿಯ ಖರ್ಚು ಅವಳೊಬ್ಬಳ ತಲೆ ಮೇಲೆ ಬೀಳಬಾರದು ಅನ್ನೋದು ಅಲ್ಲಿಂದಲೇ ನಮ್ಮ ಹೋರಾಟದ ಮಾತು. ಜಗತ್ತಿಗೆ ಔಷಧ ಕಂಡುಹಿಡಿಯೋಕೆ ಮೈ ಕೊಟ್ಟವಳ ಕೂಲಿ ಹೋಗಬಾರದು ಅನ್ನೋದು ಅದರ ಮುಂದುವರಿಕೆ ಅಷ್ಟೇ.

ನಾಲ್ಕನೇದು, ವಾಪಸ್ ಏನು ಬಂತು? ಅಳತೆ ಚೀಲ ಬೆಳಗಾವಿಯಲ್ಲಿ ಬಳಕೆಗೆ ಬಂದು ಇಪ್ಪತ್ತು ವರ್ಷ ಆಯ್ತು. ನಿಮ್ಮ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಅದು ಇದೆಯಾ? ನೋಡಿ ಬನ್ನಿ. ಅಧ್ಯಯನದಲ್ಲಿದ್ದ ಹೆಂಗಸರಿಗೆ ಅವರ ಫಲಿತಾಂಶವನ್ನ ಕೂತು ಕನ್ನಡದಲ್ಲಿ ಹೇಳೋ ಪದ್ಧತಿ ಇದೆಯಾ? ವಿಚಾರಿಸಿ.

ಈಗ ನಾವು ಮಾಡಬಹುದಾದ್ದು. ಫಾರ್ವರ್ಡ್ ಒತ್ತೋಕಿಂತ ಸ್ವಲ್ಪ ಹೆಚ್ಚು ಕಷ್ಟ, ಆದರೆ ಆಗದ ಕೆಲಸ ಏನಲ್ಲ.

1. ಭಾರತದಲ್ಲಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನ ಸಿಟಿಆರ್‌ಐ ಅನ್ನೋ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸೋದು ಕಡ್ಡಾಯ. ಮೊಬೈಲಲ್ಲೇ ಹುಡುಕಬಹುದು. ಯಾವ ಊರು, ಯಾವ ಔಷಧ, ಯಾರ ದುಡ್ಡು, ಎಷ್ಟು ಜನ, ಎಲ್ಲ ಇರುತ್ತೆ. ಪ್ರತಿ ಜಿಲ್ಲೆಯಲ್ಲಿ ನಮ್ಮ ಇಬ್ಬರು ಓದಿದ ಹುಡುಗಿಯರು ತಿಂಗಳಿಗೊಮ್ಮೆ ಇದನ್ನ ನೋಡಿ ಬರೆದಿಡಲಿ.

2. ಯಾರಾದರೂ ಪೇಪರ್ ತಂದರೆ ‘ಹಾಕಬೇಡ’ ಅನ್ನಬೇಡಿ, ಓದಿ ಹೇಳಿ. ಓದು ಬಾರದವರಿಗೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಸಾಕ್ಷಿ ಒಬ್ಬರು ಇರಬೇಕು ಅಂತ ನಿಯಮ ಇದೆ. ಆ ಸಾಕ್ಷಿ ನಾವೇ ಯಾಕಾಗಬಾರದು? ಸಹಿ ಆದ ಮೇಲೆ ಒಂದು ಪ್ರತಿ ಅವಳ ಕೈಗೆ ಕೊಡಲೇಬೇಕು. ಕೇಳಿ ಪಡೆಯಿರಿ. ಯಾವಾಗ ಬೇಕಾದರೂ ಬಿಟ್ಟು ಬರಬಹುದು ಅಂತ ಅವಳಿಗೆ ಹೇಳಿ.

3. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಹೊರಗಿನವರು, ಒಬ್ಬ ಹೆಣ್ಣುಮಗಳು, ಒಬ್ಬ ಜನಸಾಮಾನ್ಯರು ಇರಬೇಕು. ಆ ‘ಜನಸಾಮಾನ್ಯ’ ಖುರ್ಚಿಯಲ್ಲಿ ಯಾರು ಕೂತಿದ್ದಾರೆ? ಸರ್ಕಾರಿ ಕಾಲೇಜುಗಳಿಗೆ ಆರ್‌ಟಿಐ ಹಾಕಿ ಕೇಳೋಣ. ಆಶಾ ಕಾರ್ಯಕರ್ತೆ, ಪೌರಕಾರ್ಮಿಕರ ಮನೆಯ ಹೆಣ್ಣುಮಗಳು ಆ ಖುರ್ಚಿಗೆ ಬರಲಿ.

4. ಬಸುರಿ-ಬಾಣಂತಿಯರ ಪ್ರತಿ ಅಧ್ಯಯನದಲ್ಲೂ, ತಾಯಿ ಮರಣದ ಪ್ರತಿ ವರದಿಯಲ್ಲೂ ಜಾತಿವಾರು ಲೆಕ್ಕ ಬರಲಿ. ಹೆಸರು ಗುಟ್ಟಾಗಿರಲಿ, ಲೆಕ್ಕ ಬಯಲಾಗಲಿ.

5. ಅಧ್ಯಯನ ಮುಗಿದು ಔಷಧ ಒಳ್ಳೇದು ಅಂತ ಸಾಬೀತಾದರೆ, ಮೊದಲು ಅದು ಅದೇ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ಇದನ್ನ ಅನುಮತಿಯ ಷರತ್ತು ಮಾಡಿ ಅಂತ ಆರೋಗ್ಯ ಇಲಾಖೆಗೆ ಮನವಿ ಕೊಡೋಣ. ಕರಡು ನಾನು ಬರೀತೀನಿ, ಅದು ನನ್ನ ಹೊಟ್ಟೆಪಾಡಿನ ವಿದ್ಯೆ.

ಆ ಮೆಸೇಜ್ ಕಳಿಸಿದ ಐದೂ ಜನಕ್ಕೆ ಇದನ್ನ ಟ್ಯಾಗ್ ಮಾಡ್ತಿಲ್ಲ, ಅವರಿಗೇ ಗೊತ್ತಾಗುತ್ತೆ. ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ಆ ಸಿಟ್ಟು ಒಬ್ಬ ಬಸುರಿಯನ್ನ ಆಸ್ಪತ್ರೆಯಿಂದಲೇ ಓಡಿಸಿದರೆ, ಮುಂದೆ ಅವಳಿಗೇನಾಯ್ತು ಅಂತ ಯಾವ ವರದಿಯಲ್ಲೂ ಬರೋದಿಲ್ಲ. ನಿಮ್ಮ ಜಿಲ್ಲೆಯ ಸಿಟಿಆರ್‌ಐ ಪಟ್ಟಿ ನೋಡೋಕೆ ಯಾರ್ ತಯಾರಿದ್ದೀರಿ, ಕೆಳಗೆ ಜಿಲ್ಲೆಯ ಹೆಸರು ಹಾಕಿ. ಭಾನುವಾರ ಫೋನಲ್ಲಿ ಮಾತಾಡೋಣ.

ಜೈ ಭೀಮ್.